ಬೋರ್‌ವೆಲ್ ಪ್ರೆಷರ್ ರೀಡಿಂಗ್ ಕುಣಿಯುತ್ತಿದೆಯೇ? ಆರ್‌ಸಿ ಫಿಲ್ಟರಿನ ದೋಷ ಹುಡುಕುವ ಕ್ರಮ

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಟೊಮೆಟೊ ಮತ್ತು ಮಾವಿನ ತೋಟಗಳಲ್ಲಿ ಡ್ರಿಪ್ ಲೈನಿಗೆ ಕೂರಿಸಿದ ಕಂಟ್ರೋಲರ್ ಬೋರ್ಡಿನ ಮೇಲೆ ಬರುವ ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಗೇಜಿನ ಮುಳ್ಳು 2.4 ಬಾರ್‌ನಲ್ಲಿ ಅಲ್ಲಾಡದೆ ನಿಂತಿದೆ, ಡಿಸ್‌ಪ್ಲೇ ಮಾತ್ರ 2.3, 2.5, 2.4 ಎಂದು ಹಾರುತ್ತಿದೆ. ಮೋಟರ್ ನಿಲ್ಲಿಸಿದರೆ ಕುಣಿತವೂ ನಿಲ್ಲುತ್ತದೆ. ಮೊದಲು ಸೆನ್ಸರ್ ಬದಲಿಸುತ್ತಾರೆ, ಆಮೇಲೆ ವೈರ್ ಬದಲಿಸುತ್ತಾರೆ, ಎರಡೂ ಕೈಕೊಟ್ಟ ಮೇಲೆ ಪ್ರೋಗ್ರಾಮಿನಲ್ಲಿ ಹತ್ತು ರೀಡಿಂಗಿನ ಸರಾಸರಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬೋರ್ಡಿನ ಮೇಲಿರುವ ಎರಡು ರೆಸಿಸ್ಟರ್, ಎರಡು ಕೆಪಾಸಿಟರ್ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಗದ್ದಲ ಸೋಸುವ ಆರ್‌ಸಿ ಫಿಲ್ಟರ್ ಅವೇ. ಆ ನಾಲ್ಕು ಬಿಡಿಭಾಗಗಳ ಟ್ರಾನ್ಸ್‌ಫರ್ ಫಂಕ್ಷನ್ (ಇನ್‌ಪುಟ್ಟಿನ ಎಷ್ಟು ಪಾಲು ಔಟ್‌ಪುಟ್ಟಿಗೆ ಬರುತ್ತದೆ ಎಂಬ ಸೂತ್ರ) ಸರಿಯಾಗಿ ಬರೆದುಕೊಂಡಿದ್ದರೆ, ಕುಣಿತ ಎಷ್ಟಿದೆ ಎಂಬುದರಿಂದಲೇ ಯಾವ ಭಾಗ ಹೋಗಿದೆ ಎಂದು ಬಹುಮಟ್ಟಿಗೆ ಹೇಳಬಹುದು.

ಉದಾಹರಣೆಗೆ ಹಿಡಿದಿರುವ ಬೋರ್ಡು ಇದು. ಸೆನ್ಸರ್ 5 ವೋಲ್ಟಿನದು, 0ರಿಂದ 10 ಬಾರ್‌ಗೆ 0.5ರಿಂದ 4.5 ವೋಲ್ಟ್ ಕೊಡುತ್ತದೆ. ಅಂದರೆ ಒಂದು ಬಾರ್‌ಗೆ 0.4 ವೋಲ್ಟ್. ಅದರ ವೈರು ಮೋಟರಿನ ತ್ರೀ ಫೇಸ್ ಕೇಬಲ್ ಹೋಗುವ ಪಿವಿಸಿ ಪೈಪಿನೊಳಗೇ ಬರುತ್ತದೆ (ಹಾಗೆ ಬರಬಾರದು, ಆದರೆ ಬರುತ್ತದೆ). ಬೋರ್ಡಿನಲ್ಲಿ 10 ಕಿಲೋ ಓಮ್ ರೆಸಿಸ್ಟರ್, ಗ್ರೌಂಡಿಗೆ 1 ಮೈಕ್ರೋಫ್ಯಾರಡ್. ಮತ್ತೆ 10 ಕಿಲೋ ಓಮ್, ಗ್ರೌಂಡಿಗೆ 1 ಮೈಕ್ರೋಫ್ಯಾರಡ್. ಅಲ್ಲಿಂದ ಎಟಿಮೆಗಾ328 ಮೈಕ್ರೋಕಂಟ್ರೋಲರಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪಿನ್ನಿಗೆ. ಎಡಿಸಿ 10 ಬಿಟ್, ರೆಫರೆನ್ಸ್ 5 ವೋಲ್ಟ್, ಹಾಗಾಗಿ ಒಂದು ಕೌಂಟ್ 4.88 ಮಿಲಿವೋಲ್ಟ್, ಅಂದರೆ 0.012 ಬಾರ್.

ಗದ್ದಲ ಫಿಲ್ಟರ್ ಮೂಲಕವೇ ಬರುತ್ತಿದೆಯೇ?

ಇದನ್ನು ನೋಡದೆ ಬೆಸುಗೆ ಬಿಚ್ಚಬೇಡಿ. ಪ್ಯಾನಲ್ಲಿನ ಮೇನ್ ಇಳಿಸಿ, ಸೆನ್ಸರಿನ ಸಿಗ್ನಲ್ ಮತ್ತು ಗ್ರೌಂಡ್ ವೈರುಗಳನ್ನು ಬೋರ್ಡಿನ ಟರ್ಮಿನಲ್ಲಿನಿಂದ ಬಿಡಿಸಿ. ಅವುಗಳ ಜಾಗಕ್ಕೆ ಗೋಡೆ ಗಡಿಯಾರದ ಒಂದು ಸೆಲ್ ಕಟ್ಟಿ: ಪ್ಲಸ್ ಸಿಗ್ನಲ್ಲಿಗೆ, ಮೈನಸ್ ಗ್ರೌಂಡಿಗೆ. 1.5 ವೋಲ್ಟ್ ಎಂದರೆ ಡಿಸ್‌ಪ್ಲೇಯಲ್ಲಿ 2.5 ಬಾರ್ ತೋರಿಸಬೇಕು. ಹೊಸ ಸೆಲ್ 1.6 ವೋಲ್ಟ್ ಇದ್ದರೆ 2.75. ಈಗ ಮೇನ್ ಏರಿಸಿ ಮೋಟರ್ ಓಡಿಸಿ. ರೀಡಿಂಗ್ ಒಂದೇ ಕಡೆ ನಿಂತರೆ ಗದ್ದಲ ಸೆನ್ಸರ್ ವೈರಿನಿಂದ ಬಂದು ಫಿಲ್ಟರನ್ನು ದಾಟುತ್ತಿದೆ, ಮುಂದಕ್ಕೆ ಓದಿ. ಸೆಲ್ ಕಟ್ಟಿದರೂ ಕುಣಿದರೆ ಫಿಲ್ಟರಿನ ತಪ್ಪಲ್ಲ. ಆಗ ಗ್ರೌಂಡ್ ನೋಡಬೇಕು: 24 ವೋಲ್ಟ್ ಎಸಿ ಸೊಲೆನಾಯ್ಡ್ ವಾಲ್ವುಗಳ ಕರೆಂಟು ವಾಪಸ್ ಹೋಗುವ ದಾರಿಯಲ್ಲೇ ಫಿಲ್ಟರ್ ಕೆಪಾಸಿಟರಿನ ಗ್ರೌಂಡ್ ಕಾಲೂ ಕೂತಿದ್ದರೆ, ವಾಲ್ವ್ ತೆರೆದಾಗಲೆಲ್ಲ 50 ಹರ್ಟ್ಸ್ ನೇರವಾಗಿ ಎಡಿಸಿಗೆ ಸಿಗುತ್ತದೆ. ಯಾವ ಟ್ರಾನ್ಸ್‌ಫರ್ ಫಂಕ್ಷನ್ನಿನಲ್ಲೂ ಆ ದಾರಿಗೆ ಪದವಿಲ್ಲ.

ಒಂದು ಎಚ್ಚರ. ಈ ಬಗೆಯ ಸೆನ್ಸರಿನ ಔಟ್‌ಪುಟ್ ತನ್ನ ಸಪ್ಲೈಗೆ ಅನುಪಾತದಲ್ಲಿರುವುದರಿಂದ 5 ವೋಲ್ಟ್ ಸ್ವಲ್ಪ ಇಳಿದರೂ ಲೆಕ್ಕ ಸರಿದೂಗುತ್ತದೆ. ಸೆಲ್‌ಗೆ ಆ ಅನುಕೂಲ ಇಲ್ಲ. ಆದ್ದರಿಂದ ರಿಲೇ ಎಳೆದಾಗ ರೀಡಿಂಗ್ ಒಂದಿಷ್ಟು ಸರಿದು ಅಲ್ಲೇ ನಿಂತರೆ ಗಾಬರಿ ಬೇಡ. ನೋಡಬೇಕಾದ್ದು ಕುಣಿತ ಮಾತ್ರ.

ಎರಡು ಹಂತವನ್ನು ಗುಣಿಸಿದರೆ ಬರುವ ತಪ್ಪು

ಒಂದು ಹಂತದ ಆರ್‌ಸಿ ಲೋ-ಪಾಸ್ ಎಲ್ಲರಿಗೂ ಬಾಯಿಪಾಠ: 1 / (1 + ಎಸ್·ಆರ್·ಸಿ). ಇಲ್ಲಿ ಎಸ್ ಎಂದರೆ ಜೆ × 2·ಪೈ·ಫ್ರೀಕ್ವೆನ್ಸಿ, ಜೆ ಎಂದರೆ −1ರ ವರ್ಗಮೂಲ. ಕಟಾಫ್ (ಸಿಗ್ನಲ್ 3 ಡೆಸಿಬಲ್, ಅಂದರೆ 0.707 ಪಾಲಿಗೆ ಇಳಿಯುವ ಫ್ರೀಕ್ವೆನ್ಸಿ) 1 / (2·ಪೈ·ಆರ್·ಸಿ), ನಮ್ಮ ಬೆಲೆಗಳಿಗೆ 15.9 ಹರ್ಟ್ಸ್. ಎರಡು ಹಂತ ಇದ್ದರೆ ಇದರ ವರ್ಗ ಎಂದು ಬರೆದುಬಿಡುತ್ತಾರೆ. ಎರಡನೇ ಹಂತ ಮೊದಲನೆಯದರಿಂದ ಕರೆಂಟೇ ಎಳೆಯದಿದ್ದರೆ ಅದು ಸರಿ. ಇಲ್ಲಿ ಎಳೆಯುತ್ತದೆ. ಹಾಗಾಗಿ ನಡುವಿನ ನೋಡಿನಲ್ಲಿ ಕರೆಂಟಿನ ಲೆಕ್ಕ ಬರೆಯಲೇಬೇಕು. ಇನ್‌ಪುಟ್ ವಿ0, ನಡುವಿನ ನೋಡ್ ವಿ1, ಔಟ್‌ಪುಟ್ ವಿ2 ಎಂದಿರಲಿ. ಎಸ್·ಆರ್·ಸಿ ಎಂಬುದನ್ನು ಪಿ ಎಂದು ಕರೆಯೋಣ.

ಎರಡನೇ ರೆಸಿಸ್ಟರಿನಲ್ಲಿ ಹರಿಯುವುದೆಲ್ಲ ಎರಡನೇ ಕೆಪಾಸಿಟರಿಗೇ ಹೋಗುತ್ತದೆ:

ವಿ1 = ವಿ2 × (1 + ಪಿ)

ಮೊದಲ ರೆಸಿಸ್ಟರಿನಲ್ಲಿ ಬಂದದ್ದು ಮೊದಲ ಕೆಪಾಸಿಟರಿಗೂ ಎರಡನೇ ರೆಸಿಸ್ಟರಿಗೂ ಹಂಚಿಹೋಗುತ್ತದೆ:

ವಿ0 = ವಿ1 × (2 + ಪಿ) − ವಿ2

ಮೊದಲನೆಯದನ್ನು ಎರಡನೆಯದಕ್ಕೆ ಹಾಕಿದರೆ:

ವಿ2 / ವಿ0 = 1 / (1 + 3ಪಿ + ಪಿ²)

ವರ್ಗ ಮಾಡಿದವರಿಗೆ ನಡುವಿನ ಪದ 2ಪಿ ಬಂದಿರುತ್ತದೆ. ಹೆಚ್ಚಾಗಿರುವ ಆ ಒಂದು ಪಿ, ಮೊದಲ ರೆಸಿಸ್ಟರ್ ಎರಡನೇ ಕೆಪಾಸಿಟರನ್ನೂ ತುಂಬಬೇಕಾಗಿರುವುದರಿಂದ ಬಂದದ್ದು. ಮೊದಲ ಹಂತದ ಬೆಲೆಗಳು ಆರ್1, ಸಿ1, ಎರಡನೆಯದರವು ಆರ್2, ಸಿ2 ಎಂದು ಬೇರೆಬೇರೆ ಇದ್ದರೆ ಎಸ್‌ನ ಗುಣಾಂಕ ಆರ್1·ಸಿ1 + ಆರ್2·ಸಿ2 + ಆರ್1·ಸಿ2 ಆಗುತ್ತದೆ, ಎಸ್ ವರ್ಗದ್ದು ಆರ್1·ಸಿ1·ಆರ್2·ಸಿ2.

ಬರೆದದ್ದು ಸರಿಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಎಸ್ ಸೊನ್ನೆ ಎಂದಿಟ್ಟರೆ ಕೆಪಾಸಿಟರುಗಳು ಬಿಟ್ಟುಹೋದಂತೆ, ಉತ್ತರ 1 ಬರಬೇಕು. ಎಸ್ ತೀರಾ ದೊಡ್ಡದಾದರೆ ಉತ್ತರ ಎಸ್ ವರ್ಗದಿಂದ ಭಾಗಿಸಿದಂತೆ ಇಳಿಯಬೇಕು, ಏಕೆಂದರೆ ಕೆಪಾಸಿಟರ್ ಎರಡಿವೆ. ಪ್ರತಿ ಆರ್·ಸಿ ಗುಣಲಬ್ಧವೂ ಸೆಕೆಂಡಿನಲ್ಲಿರಬೇಕು. ಛೇದದಲ್ಲೆಲ್ಲಾದರೂ ಬರಿಯ ಆರ್ ಉಳಿದಿದ್ದರೆ ಅಲ್ಲೇ ಕೈತಪ್ಪಿದೆ.

ವ್ಯತ್ಯಾಸ ಎಷ್ಟು? 15.9 ಹರ್ಟ್ಸ್‌ನಲ್ಲಿ ವರ್ಗದ ಸೂತ್ರ ಇನ್‌ಪುಟ್ಟಿನ ಅರ್ಧ ಎನ್ನುತ್ತದೆ, ನಿಜವಾಗಿ ಸಿಗುವುದು ಮೂರನೇ ಒಂದು ಭಾಗ. 3 ಡೆಸಿಬಲ್ ಇಳಿಯುವ ಜಾಗ 10.2 ಹರ್ಟ್ಸ್ ಅಲ್ಲ, 5.96 ಹರ್ಟ್ಸ್. ಸ್ಕೋಪಿನಲ್ಲಿ (ಆಸಿಲೋಸ್ಕೋಪ್) 6 ಹರ್ಟ್ಸ್ ಕಂಡು ಕೆಪಾಸಿಟರ್ ಕೆಟ್ಟಿದೆ ಎಂದು ಕಿತ್ತೆಸೆದವರುಂಟು. ಕೆಪಾಸಿಟರ್ ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಲೆಕ್ಕ. ಒತ್ತಡ ಒಮ್ಮೆಲೇ ಬದಲಾದರೆ ಈ ಫಿಲ್ಟರ್ ಶೇ 1ರ ಒಳಗೆ ಬರಲು ಸುಮಾರು 125 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಡ್ರಿಪ್ ಕೆಲಸಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಕುಣಿತದ ಅಳತೆ ಹೇಳುವುದೇನು

ಕರೆಂಟ್ ಲೈನಿನ 50 ಹರ್ಟ್ಸ್‌ಗೆ 2·ಪೈ·50·ಆರ್·ಸಿ ಬೆಲೆ ಕರಾರುವಾಕ್ಕಾಗಿ ಪೈ, ಅಂದರೆ 3.14, ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳಲು ಸುಲಭ. ಪಿ ಜಾಗದಲ್ಲಿ ಜೆ × 3.14 ಇಟ್ಟರೆ ಛೇದದ ನೈಜ ಭಾಗ −8.87, ಕಾಲ್ಪನಿಕ ಭಾಗ 9.42, ಪರಿಮಾಣ 12.94. ಆದ್ದರಿಂದ ಸರಿಯಿರುವ ಫಿಲ್ಟರ್ 50 ಹರ್ಟ್ಸನ್ನು 0.077 ಪಾಲಿಗೆ ಇಳಿಸುತ್ತದೆ. ಕೆಪಾಸಿಟರುಗಳು ಶೇ 10ರಷ್ಟು ಆಚೀಚೆ ಇದ್ದರೆ 0.066ರಿಂದ 0.091ರವರೆಗೆ ಬರಬಹುದು, ಅದು ದೋಷವಲ್ಲ.

ವೈರಿನಲ್ಲಿ 200 ಮಿಲಿವೋಲ್ಟ್ ಪೀಕ್ ಹಮ್ (ಅದೇ 50 ಹರ್ಟ್ಸಿನ ಗದ್ದಲ) ಇದೆ ಎಂದಿಟ್ಟುಕೊಳ್ಳಿ. ಎಡಿಸಿ ಪಿನ್ನಿನಲ್ಲಿ ಕಾಣುವುದು ಹೀಗೆ:

ಎಲ್ಲ ಸರಿ ಇದ್ದರೆ: 15 ಮಿಲಿವೋಲ್ಟ್ (0.04 ಬಾರ್)
ಸಿ1 ಬಿಟ್ಟುಹೋಗಿದ್ದರೆ: 31 ಮಿಲಿವೋಲ್ಟ್
ಸಿ2 ಬಿಟ್ಟುಹೋಗಿದ್ದರೆ: 61 ಮಿಲಿವೋಲ್ಟ್ (0.15 ಬಾರ್)
ಸಿ1 ಜಾಗದಲ್ಲಿ 104 ಕೂತಿದ್ದರೆ: 30 ಮಿಲಿವೋಲ್ಟ್
ಸಿ2 ಜಾಗದಲ್ಲಿ 104 ಕೂತಿದ್ದರೆ: 53 ಮಿಲಿವೋಲ್ಟ್
ಎರಡೂ ಕಡೆ 104 ಇದ್ದರೆ: 153 ಮಿಲಿವೋಲ್ಟ್

ಕೆಪಾಸಿಟರಿನ ಮೇಲೆ 105 ಎಂದಿದ್ದರೆ 1 ಮೈಕ್ರೋಫ್ಯಾರಡ್, 104 ಎಂದಿದ್ದರೆ 0.1. ಅಂಗಡಿಯಲ್ಲಿ ಎರಡೂ ಒಂದೇ ಬಣ್ಣದ ಚಿಕ್ಕ ಬಟಾಣಿಯಂತಿರುತ್ತವೆ, ಒಂದರ ಪೊಟ್ಟಣಕ್ಕೆ ಇನ್ನೊಂದು ಬೀಳುವುದು ಹೊಸದಲ್ಲ. ಎರಡು ಕೆಪಾಸಿಟರುಗಳಲ್ಲಿ ಯಾವುದು ಹೋದರೂ ಪರಿಣಾಮ ಒಂದೇ ಎಂಬ ಭಾವನೆಯನ್ನು ಈ ಪಟ್ಟಿ ಸುಳ್ಳು ಮಾಡುತ್ತದೆ. ಸಿ1 ಹೋದರೆ ರೆಸಿಸ್ಟರುಗಳು ಸೇರಿ 20 ಕಿಲೋ ಓಮಿನ ಒಂದೇ ಹಂತ ಆಗುತ್ತದೆ. ಸಿ2 ಹೋದರೆ ಎರಡನೇ ರೆಸಿಸ್ಟರ್ ಬರಿಯ ವೈರಿದ್ದಂತೆ. ಅದಕ್ಕೇ ಎರಡನೆಯದರಲ್ಲಿ ಕುಣಿತ ದುಪ್ಪಟ್ಟು. ಆದರೆ 30 ಮತ್ತು 31ರ ನಡುವಿನ ವ್ಯತ್ಯಾಸ ಯಾವ ಮೀಟರಿಗೂ ಸಿಗುವುದಿಲ್ಲ. ಅಲ್ಲಿಗೆ ಬಂದಾಗ ಸಿ1ರ ಒಂದು ಕಾಲು ಬಿಚ್ಚಿ ಅಳೆಯುವುದೊಂದೇ ದಾರಿ.

ಸ್ಕೋಪ್ ಇಲ್ಲದೆ ಪರೀಕ್ಷೆ

ಹಮ್ ಎಷ್ಟು ಬರುತ್ತಿದೆ ಎಂದು ತೋಟದಲ್ಲಿ ಅಳೆಯುವುದು ಕಷ್ಟ. ಬೋರ್ಡನ್ನು ಬಿಚ್ಚಿ ಮೇಜಿಗೆ ತಂದರೆ ಒಂದು 6 ವೋಲ್ಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರೇ ಸಿಗ್ನಲ್ ಜನರೇಟರ್. ನಮಗೆ ಬೇಕಾದ 50 ಹರ್ಟ್ಸನ್ನೇ ಕೊಡುತ್ತದೆ. ಬೋರ್ಡಿನ ಪವರ್ ತೆಗೆದು, ಎಟಿಮೆಗಾ ಐಸಿಯನ್ನು ಸಾಕೆಟ್ಟಿನಿಂದ ಎತ್ತಿಬಿಡಿ, ಇಲ್ಲದಿದ್ದರೆ ಸಿಗ್ನಲ್ಲಿನ ನೆಗೆಟಿವ್ ಅರ್ಧ ಪಿನ್ನನ್ನು ಸುಡಬಹುದು. ಸಾಕೆಟ್ ಇಲ್ಲದ ಬೋರ್ಡಾದರೆ ಪಿನ್ನಿಗೆ ಹೋಗುವ ಟ್ರ್ಯಾಕ್ ಬಿಡಿಸಬೇಕು. ಫಿಲ್ಟರಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ, ಅದಕ್ಕೆ ಉಲ್ಟಾ ವೋಲ್ಟೇಜ್ ಆಗದು. ಟ್ರಾನ್ಸ್‌ಫಾರ್ಮರ್ ಬದಲು 230 ವೋಲ್ಟಿಗೆ ನೇರ ರೆಸಿಸ್ಟರ್ ಹಾಕುವ ಐಡಿಯಾ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ.

ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಸಿಗ್ನಲ್ ಮತ್ತು ಗ್ರೌಂಡ್ ಟರ್ಮಿನಲ್ಲುಗಳಿಗೆ ಕಟ್ಟಿ. ಎಸಿ 2 ವೋಲ್ಟ್ ರೇಂಜ್ ಇರುವ ಮಲ್ಟಿಮೀಟರ್ ಬೇಕು. ಎಸಿಯಲ್ಲಿ 200 ಮತ್ತು 750 ಮಾತ್ರ ಇರುವ ಅಗ್ಗದ ಮೀಟರಿನಲ್ಲಿ ಈ ಅಳತೆ ಸಿಗದು. ಮೊದಲು ಟರ್ಮಿನಲ್ಲಿನಲ್ಲೇ ಇನ್‌ಪುಟ್ ಅಳೆಯಿರಿ. ಲೋಡಿಲ್ಲದ 6 ವೋಲ್ಟ್ ಟ್ರಾನ್ಸ್‌ಫಾರ್ಮರ್ 7 ವೋಲ್ಟ್ ಕೊಡುವುದುಂಟು, ಅದಕ್ಕೇ ಮೇಲೆ ಬರೆದದ್ದನ್ನು ನಂಬದೆ ಅಳತೆಯನ್ನೇ ಹಿಡಿಯಬೇಕು. ಆಮೇಲೆ ಎಡಿಸಿ ಪಿನ್ನಿನ ಜಾಗದಲ್ಲಿ ಅಳೆದು ಭಾಗಿಸಿ. ಇನ್‌ಪುಟ್ ಸರಿಯಾಗಿ 6.0 ಇದ್ದರೆ ಒಳ್ಳೆಯ ಬೋರ್ಡಿನಲ್ಲಿ 0.46 ವೋಲ್ಟ್ ಬರುತ್ತದೆ, 0.40ರಿಂದ 0.55ರವರೆಗೆ ಒಪ್ಪಬಹುದು. 0.94 ಬಂದರೆ ಸಿ1, 1.82 ಬಂದರೆ ಸಿ2. ಸೊನ್ನೆ ಬಂದರೆ ಒಂದು ಕೆಪಾಸಿಟರ್ ಶಾರ್ಟ್ ಆಗಿದೆ, ಇಲ್ಲವೇ ಯಾವುದೋ ರೆಸಿಸ್ಟರಿನ ಬೆಸುಗೆ ಬಿಟ್ಟಿದೆ.

ಕೆಪಾಸಿಟರ್ ಬಿಟ್ಟುಹೋಗುವುದು ಏಕೆ? ಚಿಕ್ಕ ಚಿಪ್ ಸೆರಾಮಿಕ್ ಆದರೆ ಸ್ಕ್ರೂ ಬಿಗಿಯುವಾಗ ಬೋರ್ಡ್ ಬಾಗಿ ಒಳಗೆ ಬಿರುಕು ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಮೀಟರಿನಲ್ಲಿ 1.82 ಹೋಗಿ 0.46 ಬಂದರೆ ಬಿರುಕೇ. ಬಿಟ್ಟುಹೋಗದೆಯೂ ಸೆರಾಮಿಕ್ ಮೋಸ ಮಾಡುತ್ತದೆ: ಹೆಚ್ಚು ಮೈಕ್ರೋಫ್ಯಾರಡನ್ನು ಚಿಕ್ಕ ಮೈಯಲ್ಲಿ ತುಂಬಿದ ಬಗೆಯವು ಡಿಸಿ ವೋಲ್ಟೇಜ್ ಏರಿದಂತೆ ಬೆಲೆ ಕಳೆದುಕೊಳ್ಳುತ್ತವೆ. ಮೀಟರಿನಲ್ಲಿ, ಅಂದರೆ ಡಿಸಿ ಇಲ್ಲದಾಗ, ಪೂರ್ತಿ ತೋರಿಸುತ್ತದೆ. ಸೆನ್ಸರಿನ 4 ವೋಲ್ಟ್ ಕೂತಾಗ ಅಷ್ಟು ಉಳಿದಿರುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಕುಣಿತ ಹೆಚ್ಚಾದರೆ ಇದೇ ಕಾರಣವೆಂದು ಅನುಮಾನಿಸಿ. ಬದಲಿಗೆ 63 ವೋಲ್ಟಿನ, 105 ಜೆ ಅಥವಾ 105 ಕೆ ಎಂದು ಬರೆದಿರುವ ಪೆಟ್ಟಿಗೆಯಾಕಾರದ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಹಾಕಿ. ಜೆ ಎಂದರೆ ಶೇ 5, ಕೆ ಎಂದರೆ ಶೇ 10. ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರ ಕೈಲಿ ಹತ್ತು ತರಿಸಿಟ್ಟುಕೊಳ್ಳಿ.

ಕುಣಿಯದೆ ತೂಗುವ ರೀಡಿಂಗ್

ಇನ್ನೊಂದು ಬಗೆಯ ದೂರು ಇದೆ. ರೀಡಿಂಗ್ ಹಾರುವುದಿಲ್ಲ, ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ತೊಟ್ಟಿಲಿನಂತೆ ನಿಧಾನವಾಗಿ ಏರಿ ಇಳಿಯುತ್ತದೆ. ಬೋರಿನಲ್ಲಿ ನೀರು ತಗ್ಗಿದೆ, ಪಂಪು ಗಾಳಿ ಎಳೆಯುತ್ತಿದೆ ಎಂದು ತೋಟದವರು ಹೆದರುತ್ತಾರೆ. ಆಳದ ಬೋರುಗಳ ಈ ಸೀಮೆಯಲ್ಲಿ ಆ ಹೆದರಿಕೆ ಸಹಜ.

ಪ್ರೋಗ್ರಾಮಿನಲ್ಲಿ 100 ಮಿಲಿಸೆಕೆಂಡಿಗೊಂದು ರೀಡಿಂಗ್ ತೆಗೆಯುತ್ತಿದ್ದರೆ ಪ್ರತಿ ರೀಡಿಂಗಿನ ನಡುವೆ 50 ಹರ್ಟ್ಸಿನ ಸರಿಯಾಗಿ 5 ಸುತ್ತು ಆಗುತ್ತದೆ. ಪ್ರತಿ ಸಲವೂ ಅಲೆಯ ಅದೇ ಜಾಗದಲ್ಲಿ ಅಳೆದಂತೆ. ಲೈನಿನ ಫ್ರೀಕ್ವೆನ್ಸಿ 49.95 ಇದ್ದರೆ ಆ ಜಾಗ ತುಸು ತುಸು ಸರಿಯುತ್ತ 20 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ, 49.90ಕ್ಕೆ 10 ಸೆಕೆಂಡ್. ಹತ್ತು ರೀಡಿಂಗಿನ ಸರಾಸರಿ ಅಂದರೆ ಒಂದೇ ಸೆಕೆಂಡು, ಅದು ಇದನ್ನು ಮುಟ್ಟುವುದೂ ಇಲ್ಲ.

ಪರೀಕ್ಷೆ ಸುಲಭ. 100ರ ಜಾಗದಲ್ಲಿ 93 ಎಂದು ಬರೆದು ಮತ್ತೆ ಹಾಕಿ. ತೂಗಾಟ ಮಾಯವಾದರೆ ಅಥವಾ ಅದರ ವೇಗ ಬದಲಾದರೆ ಅದು 50 ಹರ್ಟ್ಸಿನ ನೆರಳು. ನೀರಿನ ಒತ್ತಡಕ್ಕೆ ನಿಮ್ಮ ಪ್ರೋಗ್ರಾಮಿನ ಅಂಕಿ ಗೊತ್ತಿರುವುದಿಲ್ಲ. ಪರಿಹಾರ: 5 ಮಿಲಿಸೆಕೆಂಡಿಗೊಂದರಂತೆ ನಾಲ್ಕು ರೀಡಿಂಗ್ ತೆಗೆದು ಸರಾಸರಿ ಮಾಡಿ. ನಾಲ್ಕು ಸೇರಿ 20 ಮಿಲಿಸೆಕೆಂಡ್, ಒಂದು ಪೂರ್ತಿ ಸುತ್ತು. 50, 100, 150 ಹರ್ಟ್ಸ್ ಮೂರೂ ಸೊನ್ನೆಯಾಗುತ್ತವೆ. ಇಷ್ಟು ಮಾಡಿದರೂ ಆರ್‌ಸಿ ಫಿಲ್ಟರ್ ಬೇಕೇ ಬೇಕು, ಏಕೆಂದರೆ 200 ಹರ್ಟ್ಸಿಗೆ ಈ ಸರಾಸರಿ ಕುರುಡು.

ಕುಣಿತವಿಲ್ಲ, ಅಂಕಿಯೇ ತಪ್ಪು

ಗೇಜು 2.4 ಎನ್ನುವಾಗ ಡಿಸ್‌ಪ್ಲೇ 1.8 ಎಂದು, ಪಂಪು ನಿಂತಾಗ −0.2 ಎಂದು ತೋರಿಸಿದರೆ ಎಡಿಸಿ ಪಿನ್ನಿನಿಂದ ಗ್ರೌಂಡಿಗೆ ಯಾರೋ 100 ಕಿಲೋ ಓಮ್ ಹಾಕಿದ್ದಾರೆ. ವೈರ್ ತುಂಡಾದರೆ ಗೊತ್ತಾಗಲಿ ಎಂಬ ಒಳ್ಳೆಯ ಉದ್ದೇಶಕ್ಕೇ ಹಾಕಿರುತ್ತಾರೆ. ಆದರೆ ಮುಂದೆ 20 ಕಿಲೋ ಓಮ್ ಇರುವುದರಿಂದ ಡಿಸಿ ಗೇನ್ 1 ಹೋಗಿ 100/120, ಅಂದರೆ 0.833 ಆಗುತ್ತದೆ. ಆ ರೆಸಿಸ್ಟರನ್ನು ಫಿಲ್ಟರಿನ ಹಿಂದಕ್ಕೆ, ಸೆನ್ಸರ್ ಟರ್ಮಿನಲ್ಲಿಗೆ ಒಯ್ದರೆ ಉದ್ದೇಶವೂ ಈಡೇರುತ್ತದೆ, ಅಂಕಿಯೂ ಕೆಡುವುದಿಲ್ಲ.

ಹಂತಗಳು ಒಂದನ್ನೊಂದು ಎಳೆಯದಿರಲಿ ಎಂದು ಎರಡನೇ ಹಂತಕ್ಕೆ 100 ಕಿಲೋ ಓಮ್, 0.1 ಮೈಕ್ರೋಫ್ಯಾರಡ್ ಹಾಕುವುದುಂಟು. ಆಗ ನಡುವಿನ ಪದ 3ರ ಬದಲು 2.1 ಆಗುತ್ತದೆ, ಕಟಾಫ್ 9.6 ಹರ್ಟ್ಸ್, ಪುಸ್ತಕದ ಸೂತ್ರಕ್ಕೆ ಹತ್ತಿರ. ಬೆಲೆ ತೆರಬೇಕಾದ್ದು ಡಿಸಿಯಲ್ಲಿ. ಎಟಿಮೆಗಾ328ರ ಡೇಟಾಶೀಟ್ ಪಿನ್ನಿಗೆ ಹೆಚ್ಚೆಂದರೆ 1 ಮೈಕ್ರೋಆಂಪಿಯರ್ ಲೀಕೇಜ್ ಇರಬಹುದೆನ್ನುತ್ತದೆ: 20 ಕಿಲೋ ಓಮಿನಲ್ಲಿ ಅದು 20 ಮಿಲಿವೋಲ್ಟ್, 110 ಕಿಲೋ ಓಮಿನಲ್ಲಿ 110 ಮಿಲಿವೋಲ್ಟ್, ಅಂದರೆ ಕಾಲು ಬಾರ್‌ಗಿಂತ ಹೆಚ್ಚು. ಈ ಕೆಲಸಕ್ಕೆ ಮೊದಲಿನ 10 ಕಿಲೋ ಓಮೇ ವಾಸಿ.

ಎರಡನೇ ಹಂತ ಮೊದಲನೆಯದರಿಂದ ಕರೆಂಟ್ ಎಳೆಯದಿರಲಿ ಎಂದು ನಡುವೆ ಎಲ್‌ಎಂ358 ಆಪ್-ಆಂಪ್ ಬಫರ್ ಹಾಕಿದವರಲ್ಲಿ ರೀಡಿಂಗ್ 7.5 ಬಾರ್ ಹತ್ತಿರ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಎಲ್‌ಎಂ358ರ ಔಟ್‌ಪುಟ್ 5 ವೋಲ್ಟ್ ಸಪ್ಲೈಯಲ್ಲಿ 3.5 ವೋಲ್ಟಿನ ಆಸುಪಾಸಿಗಿಂತ ಮೇಲೇರುವುದಿಲ್ಲ. ಎಂಸಿಪಿ6002 ಹಾಕಿದರೆ ಸರಿಹೋಗುತ್ತದೆ. ಪಿನ್ನುಗಳ ಜೋಡಣೆ ಅದೇ. ಆದರೆ ಅದಕ್ಕೆ 6 ವೋಲ್ಟಿಗಿಂತ ಹೆಚ್ಚಿನ ಸಪ್ಲೈ ಕೊಡುವಂತಿಲ್ಲ, 12 ವೋಲ್ಟಿನ ಬೋರ್ಡಿಗೆ ಹಾಕಿ ಹೊಗೆ ಬರಿಸಬೇಡಿ.

ಲ್ಯಾಬ್ ಮೇಜಿನ ಮೇಲೆ ಉತ್ತರ ತಾಳೆಯಾಗದಿದ್ದರೆ

ತುಮಕೂರು, ಚಿಕ್ಕಬಳ್ಳಾಪುರದ ಡಿಪ್ಲೊಮಾ, ಬಿಇ ವಿದ್ಯಾರ್ಥಿಗಳು ಇದೇ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ಕಟ್ಟುತ್ತಾರೆ. ಅಲ್ಲಿ ತಪ್ಪಿನ ಅನುಪಾತವನ್ನೇ ಮೊದಲು ನೋಡಿ. 6.28 ಪಟ್ಟು ತಪ್ಪಿದ್ದರೆ 1 / (ಆರ್·ಸಿ) ಎಂದು ರೇಡಿಯನ್ನಿನಲ್ಲಿ ಬಂದ 100ನ್ನು ಹರ್ಟ್ಸ್ ಎಂದು ಓದಿದ್ದೀರಿ. ಸರಿಯಾಗಿ 10 ಪಟ್ಟು ಎಂದರೆ ಕೆಪಾಸಿಟರಿನ ಸಂಖ್ಯೆ ತಪ್ಪು ಓದಿದ್ದೀರಿ. ಡೆಸಿಬಲ್ ಎಲ್ಲ ಕಡೆ ಅರ್ಧ ಬಂದರೆ ವೋಲ್ಟೇಜಿಗೆ 20 ಲಾಗ್ ಬದಲು 10 ಲಾಗ್ ಹಾಕಿದ್ದೀರಿ. ಗೇನ್ ಎಲ್ಲ ಕಡೆ 6 ಡೆಸಿಬಲ್ ಮೇಲಿದ್ದರೆ ಜನರೇಟರಿನ ಪರದೆಯ ಅಂಕಿಯನ್ನೇ ಇನ್‌ಪುಟ್ ಎಂದು ಹಿಡಿದಿದ್ದೀರಿ. ಅದು 50 ಓಮ್ ಲೋಡಿಗೆ ಹೇಳಿದ ಅಂಕಿ, ತೆರೆದ ತುದಿಯಲ್ಲಿ ದುಪ್ಪಟ್ಟು ಬರುತ್ತದೆ. ಸ್ಕೋಪಿನ ಒಂದು ಚಾನಲ್ ಫಿಲ್ಟರಿನ ಇನ್‌ಪುಟ್ ಕಾಲಿನ ಮೇಲೆಯೇ ಇರಲಿ. ಆಗ ಜನರೇಟರಿನ 50 ಓಮ್ ಕೂಡ ಲೆಕ್ಕದಿಂದ ಹೊರಗುಳಿಯುತ್ತದೆ.

ಕಾಯಿಲ್ ಕೂಡ ಇರುವ ಆರ್‌ಎಲ್‌ಸಿಯಲ್ಲಿ ಹೀಗೆ ಲೆಕ್ಕ ತಪ್ಪಿಸಿಕೊಂಡ ಓಮಿನ ಪೆಟ್ಟು ಇನ್ನೂ ಜೋರು. 100 ಓಮ್, 10 ಮಿಲಿಹೆನ್ರಿ, 0.1 ಮೈಕ್ರೋಫ್ಯಾರಡ್ ಸೀರೀಸ್ ಕಟ್ಟಿ ಕೆಪಾಸಿಟರಿನ ಮೇಲೆ ಔಟ್‌ಪುಟ್ ತೆಗೆದರೆ 1 / (1 + ಎಸ್·ಆರ್·ಸಿ + ಎಸ್²·ಎಲ್·ಸಿ), 5.03 ಕಿಲೋಹರ್ಟ್ಸ್‌ನಲ್ಲಿ 3.16 ಪಟ್ಟು, ಅಂದರೆ 10 ಡೆಸಿಬಲ್ ಬರಬೇಕು. ಕಾಯಿಲ್ ತಂತಿಗೇ 30 ಓಮ್ ಇದ್ದರೆ 7.7 ಡೆಸಿಬಲ್ಲಿಗೆ ಇಳಿಯುತ್ತದೆ. ಮಲ್ಟಿಮೀಟರಿನಲ್ಲಿ ಕಾಯಿಲಿನ ಓಮ್ ಅಳೆದು ಆರ್‌ಗೆ ಕೂಡಿಸಿ ಮತ್ತೆ ಲೆಕ್ಕ ಹಾಕಿ, ತಾಳೆಯಾಗುತ್ತದೆ.

ಸ್ಕೋಪಿನ ಪ್ರೋಬ್ ಕೂಡ ಸರ್ಕ್ಯೂಟಿನ ಭಾಗ. 1 ಮೆಗಾಓಮ್, 100 ಪಿಕೋಫ್ಯಾರಡ್ ಫಿಲ್ಟರಿನ ಕಟಾಫ್ 1591 ಹರ್ಟ್ಸ್. 1 ಎಕ್ಸ್ ಪ್ರೋಬನ್ನು ಸ್ಕೋಪಿಗೆ ಸಿಕ್ಕಿಸಿದರೆ ಒಟ್ಟು ಸುಮಾರು 1 ಮೆಗಾಓಮ್, 100 ಪಿಕೋಫ್ಯಾರಡ್ ಲೋಡ್ ಆಗುತ್ತದೆ. ಆಗ ರೆಸಿಸ್ಟೆನ್ಸ್ ಅರ್ಧ, ಕೆಪಾಸಿಟೆನ್ಸ್ ದುಪ್ಪಟ್ಟು: ಕಟಾಫ್ ಅದೇ 1591ಕ್ಕೆ ಬಂದು ಕೂರುತ್ತದೆ, ಗೇನ್ ಮಾತ್ರ ಅರ್ಧ. ಕಟಾಫ್ ಒಂದನ್ನೇ ನೋಡಿ ರೆಕಾರ್ಡಿಗೆ ಬರೆದವರಿಗೆ ತಪ್ಪು ಗೊತ್ತಾಗುವುದೇ ಇಲ್ಲ. 10 ಎಕ್ಸ್ ಪ್ರೋಬ್, ಅಂದರೆ 10 ಮೆಗಾಓಮ್, ಸುಮಾರು 15 ಪಿಕೋಫ್ಯಾರಡ್, ಹಾಕಿದರೆ ಗೇನ್ 0.91, ಕಟಾಫ್ 1522. ಅಷ್ಟೂ ಬೇಡವೆಂದರೆ ಪ್ರೋಬಿನ ಬೆಲೆಗಳನ್ನೂ ಸೇರಿಸಿಯೇ ಸೂತ್ರ ಬರೆದು, ಆ ಅಂಕಿಗೆ ಅಳತೆಯನ್ನು ಹೋಲಿಸಿ.